ಎರಡು ನಗರ, ಒಂದು ಬಂದರು

ನಗರ ಪ್ರದೇಶಗಳ ಸಹಕಾರ ಎಂದೊಡನೆ ಇಬ್ಬರು ಮೇಯರ್‌ಗಳು ಒಡಂಬಡಿಕೆಗೆ ಸಹಿ ಹಾಕಿ ಕೈಕುಲುಕುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಂಥ ಸಹಿಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಒಂದೇ ಹೂಡಿಕೆಗೆ, ಒಂದೇ ಹಡಗಿಗೆ ಪೈಪೋಟಿ ನಡೆಸುವ ನಗರಗಳು ತಮ್ಮ ಗಳಿಕೆಯ ಮೂಲವನ್ನೇ ಒಟ್ಟುಗೂಡಿಸಿದಾಗ ಮಾತ್ರ ಅದು ಸಹಕಾರವೆನಿಸುತ್ತದೆ.

ಕಂಟೇನರ್ ಹಡಗುಗಳಿಗಾಗಿ ದಶಕಗಳ ಕಾಲ ಸೆಣಸಿದ ಅಮೆರಿಕದ ಸಿಯಾಟಲ್ ಮತ್ತು ಟಕೋಮಾ ಬಂದರುಗಳು, ಕೆನಡಾದ ಬಂದರುಗಳ ಪೈಪೋಟಿ ಬಿಗಿಯಾದ ಮೇಲೆ, 2015ರಲ್ಲಿ ಸರಕು ವಹಿವಾಟನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ತಾನೇ ನಡೆಸುವ ವಿಮಾನ ನಿಲ್ದಾಣವನ್ನು ಮಾತ್ರ ಸಿಯಾಟಲ್ ಬಂದರು ಬಿಟ್ಟುಕೊಡಲಿಲ್ಲವೆಂಬುದು ಬೇರೆ ಮಾತು.

ಇದಕ್ಕಿಂತ ಕಠಿಣವಾದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ ಮತ್ತು ಸ್ವೀಡನ್ನಿನ ಮಾಲ್ಮೊ ನಗರಗಳ ಪ್ರಯತ್ನ, ಏಕೆಂದರೆ ಅವುಗಳ ನಡುವೆ ಸಮುದ್ರವಷ್ಟೇ ಅಲ್ಲ, ಎರಡು ಕರೆನ್ಸಿಗಳೂ ಎರಡು ತೆರಿಗೆ ವ್ಯವಸ್ಥೆಗಳೂ ಇವೆ. ಈ ಎರಡು ನಗರಗಳನ್ನು ಜೋಡಿಸಲು 2000ದ ಜುಲೈನಲ್ಲಿ ತೆರೆದ ಓರೆಸುಂಡ್ ಮಾರ್ಗ ಸುಮಾರು 16 ಕಿ.ಮೀ. ಉದ್ದವಿದೆ, ಸ್ವೀಡನ್ ಕಡೆಯಿಂದ ಸೇತುವೆಯಾಗಿ ಹೊರಟು, ಮಾನವ ನಿರ್ಮಿತ ದ್ವೀಪವೊಂದರಲ್ಲಿ ಇಳಿದು, ಮುಂದೆ ಸಮುದ್ರದಡಿಯ ಸುರಂಗವಾಗುತ್ತದೆ. ಸೇತುವೆ ಬಂದ ಮೇಲೆ ದೋಣಿ ಸಂಚಾರದ ಗಳಿಕೆ ಎರಡೂ ಬಂದರುಗಳಿಗೆ ಕುಗ್ಗುವುದು ಖಚಿತವಿತ್ತು. ಉಳಿದ ಸರಕಿಗಾಗಿ ಕಿತ್ತಾಡುವ ಬದಲು 2001ರಲ್ಲಿ ಅವು ಒಂದೇ ಕಂಪನಿಯಾಗಿ ವಿಲೀನಗೊಂಡವು. ನನಗೆ ಸೇತುವೆಗಿಂತ ಈ ವಿಲೀನವೇ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಸೇತುವೆಯನ್ನು ಕಟ್ಟಿಸಿದ್ದು ಎರಡು ಸರ್ಕಾರಗಳು, ಆದರೆ ಗಳಿಕೆಯನ್ನು ಹಂಚಿಕೊಳ್ಳಲು ಒಪ್ಪಬೇಕಾದದ್ದು ಬಂದರುಗಳೇ.

ಆದರೂ ಗಡಿಯ ಕೀಲಿಕೈ ನಗರಗಳ ಬಳಿ ಇರಲಿಲ್ಲ. ನಿರಾಶ್ರಿತರ ಆಗಮನ ಹೆಚ್ಚಿದಾಗ, ಡೆನ್ಮಾರ್ಕಿನಿಂದ ಬರುವ ಪ್ರಯಾಣಿಕರ ಗುರುತಿನ ದಾಖಲೆಯನ್ನು ಸಾರಿಗೆ ಕಂಪನಿಗಳೇ ಪರಿಶೀಲಿಸಬೇಕೆಂಬ ನಿಯಮವನ್ನು ಸ್ವೀಡನ್ ಸರ್ಕಾರ 2016ರ ಜನವರಿಯಲ್ಲಿ ಜಾರಿಗೊಳಿಸಿತು. ಕೋಪನ್‌ಹೇಗನ್ ವಿಮಾನ ನಿಲ್ದಾಣದ ರೈಲು ನಿಲ್ದಾಣದಲ್ಲಿ ಹಳಿಗಳ ನಡುವೆ ಬೇಲಿ ಎದ್ದಿತು. ದಿನವೂ ಕೆಲಸ ಮುಗಿಸಿ ಮಾಲ್ಮೊಗೆ ಮರಳುವವರು ಅಲ್ಲಿ ಇಳಿದು, ದಾಖಲೆ ತೋರಿಸಿ, ಮತ್ತೊಂದು ರೈಲು ಹತ್ತಬೇಕಾಯಿತು. ಆ ನಿಯಮ ರದ್ದಾದದ್ದು 2017ರ ಮೇ ತಿಂಗಳಲ್ಲಿ, ಅದೂ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ತೀರ್ಮಾನದಿಂದಲೇ.