ನೀವು ಹೇಳಿದ್ರೆ ಹೋಗೋಣ

ಹೋದ ವರ್ಷ ನವೆಂಬರ್ ಮೊದಲ ವಾರದ ಒಂದು ಶನಿವಾರ. ಸಂಪೇಕಟ್ಟೆ ಕಡೆಯ ಒಂದು ತೋಟದ ಮನೆಯಲ್ಲಿ ನಮ್ಮ ಗೆಸ್ಟುಗಳಿಗೆ ಊಟ. ಒಂದು ಗಂಟೆಗೆ ಬರ್ತೇವೆ ಅಂತ ನಾನೇ ಹೇಳಿದ್ದೆ. ನಮ್ಮ ಜೀಪು ಆ ಅಂಗಳಕ್ಕೆ ಹೋಗಿ ನಿಂತಾಗ ನಾಲ್ಕು ಗಂಟೆ ಹತ್ತು ನಿಮಿಷ. ಜಗುಲಿ ಮೇಲೆ ಸಾಲಾಗಿ ಬಾಳೆ ಎಲೆ ಹಾಕಿಟ್ಟಿದ್ದರು. ಕಾದು ಕಾದು ಎಲೆಗಳ ಅಂಚು ಸುರುಳಿ ಸುತ್ತಿತ್ತು. ಒಣಗದೇ ಇರಲಿ ಅಂತ ಆಗಾಗ ನೀರು ಚಿಮುಕಿಸಿದ ಹನಿ ಇನ್ನೂ ಅಲ್ಲಲ್ಲಿ ಇತ್ತು. ಆ ಎಲೆಗಳು ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತವೆ.

ನಾನು ಆರು ವರ್ಷದಿಂದ ಡೇ ಟ್ರಿಪ್ ಕೋಆರ್ಡಿನೇಟರ್. ಮಲೆನಾಡಿನವನೇ, ತೀರ್ಥಹಳ್ಳಿ ಕಡೆಯವನು. ಹೊಸನಗರ ರೂಟ್ ಪೂರ್ತಿ ನನ್ನದು. ಬೆಳಿಗ್ಗೆ ಏಳೂವರೆಗೆ ಹೋಂಸ್ಟೇ ಪಿಕಪ್, ನಗರ ಕೋಟೆ, ದೇವಗಂಗೆ ಕೊಳ, ಹಳ್ಳಿ ಮನೆ ಊಟ, ಆಮೇಲೆ ನಿಟ್ಟೂರು, ಕಟ್ಟಿನಹೊಳೆ ಮೇಲೆ ಕೊಡಚಾದ್ರಿ, ಸನ್‌ಸೆಟ್, ಡ್ರಾಪ್. ಶೀಟು ಬೆಂಗಳೂರು ಆಫೀಸಿನಿಂದ ಬರುತ್ತದೆ. ಕೋಟೆಗೆ 45 ನಿಮಿಷ, ಕೊಳಕ್ಕೆ 30 ನಿಮಿಷ, ಲಂಚ್ 60 ನಿಮಿಷ. ಅದನ್ನು ಮಾಡುವವರು ಮ್ಯಾಪ್ ನೋಡಿ ಮಾಡುತ್ತಾರೆ. ಮ್ಯಾಪಿನಲ್ಲಿ ದಾರಿಗೆ ಅಡ್ಡ ಹಾಕಿದ ಉಣಗೋಲು ಕಾಣಲ್ಲ, ಮೊನ್ನೆ ಬಿದ್ದ ಮಳೆ ಕಾಣಲ್ಲ, ದಾರಿ ಪಕ್ಕದ ಮಣ್ಣಿನ ಗೋಡೆ, ಅಂದರೆ ದರೆ, ಜರಿದಿದ್ದೂ ಕಾಣಲ್ಲ. ಇದನ್ನು ನಾನು ಆಫೀಸಿಗೆ ಎಷ್ಟು ಸಲ ಹೇಳಿದ್ದೇನೆ ಅಂತ ನನಗೇ ಲೆಕ್ಕ ಇಲ್ಲ. ಆದರೆ ಅವತ್ತು ಮ್ಯಾಪ್ ನೋಡಿ ದಾರಿ ತಪ್ಪಿಸಿದ್ದು ಆಫೀಸಲ್ಲ, ನಾನು.

ಗೆಸ್ಟುಗಳು ಏಳು ಜನ, ಒಂದೇ ಕುಟುಂಬ. ಹೊರಡುವಾಗಲೇ ಐವತ್ತು ನಿಮಿಷ ತಡ. ಅದು ಮಾಮೂಲಿ. ಇನ್ನೊಂದು ಮುಕ್ಕಾಲು ಗಂಟೆ ನಗರ ಕೋಟೆಯಲ್ಲಿ ಹೋಯಿತು, ಅದಕ್ಕೆ ನನ್ನ ಮಾತೇ ಕಾರಣ. ಆ ಕುಟುಂಬದ ಯಜಮಾನರಿಗೆ ಇತಿಹಾಸ ಅಂದರೆ ಇಷ್ಟ. ನನಗೂ ಇಷ್ಟ. ಬಿದನೂರು ಕೆಳದಿ ಅರಸರ ರಾಜಧಾನಿ ಆಗಿದ್ದು, ಶಿವಪ್ಪ ನಾಯಕನ ಕಾಲ, ರಾಣಿ ವೀರಮ್ಮಾಜಿ, 1763ರಲ್ಲಿ ಹೈದರಾಲಿ ಬಂದು ಹಿಡಿದಿದ್ದು, ಊರಿಗೆ ಹೈದರ್ ನಗರ ಅಂತ ಹೆಸರಿಟ್ಟಿದ್ದು, ಅದೇ ಈಗ ಬರೀ ನಗರ ಆಗಿದ್ದು. ಅಕ್ಕ ತಂಗಿ ಕೊಳದ ಹತ್ತಿರ ನಿಂತು ಹೇಳುತ್ತಾ ಹೋದೆ. ಅವರು ಕೇಳುತ್ತಾ ಹೋದರು. ದೇವಗಂಗೆಯಲ್ಲಿ ಮಕ್ಕಳು ನೀರಿಗೆ ಕಾಲು ಇಳಿಬಿಟ್ಟು ಕೂತವರು ಏಳಲೇ ಇಲ್ಲ. ಅಲ್ಲಿಂದ ಹೊರಟಾಗ ಹನ್ನೆರಡೂ ಮುಕ್ಕಾಲು. ಆಫೀಸಿನ ಗ್ರೂಪಿನಲ್ಲಿ ಆಗಲೇ ಮೂರು ಮೆಸೇಜ್. 'ಸ್ಟೇಟಸ್ ಪ್ಲೀಸ್.' 'ಸನ್‌ಸೆಟ್ ಮಿಸ್ ಆಗಬಾರದು.' 'ಇದು ರಿವ್ಯೂ ಹಾಕುವ ಗೆಸ್ಟ್.'

ಮೇನ್ ರೋಡಿನಿಂದ ಸುತ್ತಿ ಹೋದರೆ ಮುಕ್ಕಾಲು ಗಂಟೆ ಬೇಕು. ಮ್ಯಾಪಿನಲ್ಲಿ ಒಂದು ತೋಟದ ದಾರಿ ತೋರಿಸುತ್ತಿತ್ತು. ಗುಡ್ಡ ಹತ್ತಿ ಆ ಕಡೆ ಇಳಿದರೆ ಊಟದ ಮನೆಯ ಹಿತ್ತಲು. ಬೇಸಿಗೆಯಲ್ಲಿ ಒಂದು ಸಲ ಬೈಕಿನಲ್ಲಿ ಹೋಗಿದ್ದೆ. ಡ್ರೈವರಣ್ಣನಿಗೆ ಹೇಳಿದೆ. ಅವರು ಮೂವತ್ತು ವರ್ಷದಿಂದ ಇದೇ ಗುಡ್ಡಗಳಲ್ಲಿ ಜೀಪು ಓಡಿಸುವವರು. ಮಾತು ಕಡಿಮೆ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಆ ದಾರಿ ಕಡೆ ಒಂದು ಸಲ ನೋಡಿದರು.

'ಎರಡು ದಿನ ಸಂಜೆ ಮಳೆ ಹೊಡೆದಿದೆಯಲ್ಲ.'

'ಇವತ್ತು ಬಿಸಿಲಿದೆ ಅಣ್ಣ.'

'ಹ್ಞೂಂ. ನೀವು ಹೇಳಿದ್ರೆ ಹೋಗೋಣ.'

ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಇಲ್ಲೇ ಹುಟ್ಟಿ ಬೆಳೆದವನು ನಾನು, ನನಗೆ ಗೊತ್ತಿರಬೇಕಿತ್ತು. ನಮ್ಮ ಕಡೆ 'ನೀವು ಹೇಳಿದ್ರೆ ಹೋಗೋಣ' ಅಂದರೆ ಹೋಗುವುದು ಬೇಡ ಅಂತಲೇ ಅರ್ಥ. ಹೋಗಬಹುದಾಗಿದ್ದರೆ 'ಹೋಗೋಣ' ಅಂತಿದ್ದರು, ಮುಗಿಯಿತು. ಮುಖದ ಮೇಲೆ ಇಲ್ಲ ಅನ್ನಬಾರದು ಅಂತ ಬೆಳೆದವರು. ಅದರ ಮೇಲೆ ಅವರ ದಿನದ ಬಾಡಿಗೆ ಬಿಲ್ಲಿಗೆ ಸಹಿ ಹಾಕುವವನು ನಾನು. ಅಂಥವರು ನನಗೆ ಬೇಡ ಅಂತ ಹೇಗೆ ಹೇಳಬೇಕು? ಗಾಡಿ ನಿಲ್ಲಿಸಿದ್ದು, ದಾರಿ ನೋಡಿದ್ದು, ಮಳೆ ಮಾತು ಎತ್ತಿದ್ದು, ಮೂರು ಸಲ ಹೇಳಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಏರು ಶುರುವಾಗುವ ಜಾಗದಲ್ಲಿ ಇನ್ನೊಂದು ಸಲ ನಿಧಾನ ಮಾಡಿದರು. 'ಹಬ್ ಲಾಕ್ ಮಾಡಿಬಿಡ್ತೀನಿ, ಎರಡು ನಿಮಿಷ' ಅಂದರು. ಮುಂದಿನ ಚಕ್ರಕ್ಕೂ ಎಂಜಿನ್ ಬಲ ಸಿಗಬೇಕಾದರೆ ಅದು ಬೇಕು. ಹಳೇ ಗಾಡಿ, ಇಳಿದು ಮುಂದಿನ ಎರಡೂ ಚಕ್ರದ ಹತ್ತಿರ ಕೂತು ಕೈಯಲ್ಲೇ ತಿರುಗಿಸಬೇಕು. 'ಮೇಲೆ ಬೇಕಾದರೆ ನೋಡೋಣ ಅಣ್ಣ, ಟೈಮ್ ಇಲ್ಲ' ಅಂದುಬಿಟ್ಟೆ. ಈ ಮಾತು ಹೇಗೆ ಬಂತು ನನ್ನ ಬಾಯಲ್ಲಿ ಅಂತ ಈಗಲೂ ಬೇಜಾರಾಗುತ್ತದೆ.

ಎರಡು ಕಡೆ ದರೆ, ನಡುವೆ ಒಂದು ಗಾಡಿ ಹೋಗುವಷ್ಟೇ ದಾರಿ. ಜಂಬಿಟ್ಟಿಗೆ ಮಣ್ಣು, ಬಿಸಿಲು ಬೀಳದ ಜಾಗ, ಮೇಲೆ ಪಾಚಿ. ಮುಕ್ಕಾಲು ಏರು ಸಲೀಸಾಗಿ ಹತ್ತಿತು. ತಿರುವಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗತೊಡಗಿತು. ಒಂದು ಸಲ ಕೊಸರಿ ಎಂಜಿನ್ ಆಫ್. ಡ್ರೈವರಣ್ಣ ಬ್ರೇಕ್ ಒತ್ತಿದರು. ಗಾಡಿ ನಿಂತಿತು ಅಂದುಕೊಂಡೆವು. ನಿಲ್ಲಲಿಲ್ಲ. ಚಕ್ರ ನಿಂತಿದೆ, ಗಾಡಿ ಹಿಂದಕ್ಕೆ ಜಾರುತ್ತಿದೆ. ಒಂದು ಗೇಣು ಜಾರಿ ನಿಂತಿತು. ಮತ್ತೆ ಒಂದು ಗೇಣು. ಹೊರಗೆ ಬಲಗಡೆ ದರೆ ಮುಗಿದು ಕೆಳಗೆ ಅಡಿಕೆ ತೋಟ, ಮರಗಳ ತುದಿ ನಮ್ಮ ಕಣ್ಣಿನ ಮಟ್ಟಕ್ಕೆ ಕಾಣುತ್ತಿತ್ತು.

ನಾನು ಹಿಂದಿನ ಸೀಟಿನಲ್ಲಿ, ಡೋರ್ ಪಕ್ಕ. ಹಿರಿಯ ಹೆಂಗಸೊಬ್ಬರು ದೇವರ ಹೆಸರು ಹೇಳತೊಡಗಿದರು. ಮಗು ಅತ್ತಿತು. ಆಗ ನಾನು ಮಾಡಿದ ಕೆಲಸ ಇದು. ಡೋರ್ ತೆಗೆದು 'ಎಲ್ಲರೂ ಇಳೀರಿ, ಬೇಗ ಇಳೀರಿ' ಅಂದೆ. ನನ್ನ ಎದುರು ಕೂತಿದ್ದ ಇಪ್ಪತ್ತರ ಹುಡುಗ ಮೊದಲು ಜಿಗಿದ. ಹಿಂದಕ್ಕೆ ಜಾರುತ್ತಿರುವ ಗಾಡಿಯ ಸರಿಯಾಗಿ ಹಿಂದೆ ನಿಂತ. ಪಾಚಿ ಮೇಲೆ ಅವನ ಕಾಲು ಜಾರಿ ಮಂಡಿಯೂರಿ ಬಿದ್ದ. ಗಾಡಿ ಮತ್ತೆ ಒಂದು ಮೊಳ ಜಾರಿತು.

'ಡೋರ್ ಹಾಕಿ! ಯಾರೂ ಅಲ್ಲಾಡಬೇಡಿ!'

ಡ್ರೈವರಣ್ಣ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಒಂದು ಕೈಯಲ್ಲಿ ಡೋರ್ ಕಂಬಿ ಹಿಡಿದು ಬಗ್ಗಿ ಹುಡುಗನ ಶರ್ಟಿನ ಹೆಗಲು ಹಿಡಿದು ಎಡಗಡೆ ದರೆಗೆ ಎಳೆದೆ. ಅವನು ದರೆಗೆ ಬೆನ್ನು ಒತ್ತಿ ನಿಂತ. ಬಂಪರ್ ಅವನ ಹೊಟ್ಟೆ ಮುಂದೆ ಹಾದು ನಿಂತಿತು. ನಡುವೆ ಒಂದು ಕೈ ಆಡಿಸುವಷ್ಟು ಜಾಗ. ಅಷ್ಟೇ.

ಆಮೇಲೆ ಡ್ರೈವರಣ್ಣ ಮಾಡಿದ್ದನ್ನು ನಿಧಾನವಾಗಿ ಹೇಳಬೇಕು, ಯಾಕಂದರೆ ನಮ್ಮ ಜೀವ ಉಳಿದಿದ್ದು ಅದರಿಂದ. ಮೊದಲು ಕನ್ನಡಿಯಲ್ಲಿ ಹುಡುಗ ಎಲ್ಲಿದ್ದಾನೆ ಅಂತ ನೋಡಿದರು. 'ಮೇಲಕ್ಕೆ ಹತ್ತಪ್ಪಾ, ದರೆ ಮೇಲೆ ಹತ್ತು' ಅಂದರು. ಅವನು ಬೇರು ಹಿಡಿದು ಹತ್ತಿದ. ಆಮೇಲೆ ರಿವರ್ಸ್ ಗೇರ್ ಹಾಕಿದರು. ಕ್ಲಚ್ ಮುಟ್ಟದೆ, ಗೇರಿನಲ್ಲೇ ಕೀ ತಿರುಗಿಸಿ, ಬ್ರೇಕ್ ಸ್ವಲ್ಪ ಸ್ವಲ್ಪವೇ ಬಿಟ್ಟರು. ಎಂಜಿನ್ ಹಿಡಿದುಕೊಂಡಿತು. ಜಾರುತ್ತಿದ್ದ ಗಾಡಿ ಈಗ ಒಂದೊಂದೇ ಹೆಜ್ಜೆ ಇಟ್ಟ ಹಾಗೆ ಹಿಂದಕ್ಕೆ ಇಳಿಯಿತು. ಸ್ಟೇರಿಂಗ್ ಒಂದು ಸುತ್ತು ತಿರುಗಿಸಿ ಗಾಡಿಯ ಬೆನ್ನನ್ನು ಎಡಗಡೆ ದರೆಗೆ ಮೆತ್ತಗೆ ಒರಗಿಸಿದರು. ಗೇರಿನಲ್ಲೇ ಎಂಜಿನ್ ಆಫ್ ಮಾಡಿದರು. ಹಣೆಯ ಬೆವರು ಕೂಡ ಒರೆಸಲಿಲ್ಲ. 'ಈಗ ಮುಂದಿನ ಬಾಗಿಲಿಂದ, ಮೇಲಿನ ಕಡೆಗೆ, ಒಬ್ಬೊಬ್ಬರೇ ಇಳೀರಿ' ಅಂದರು.

ಎಲ್ಲ ಇಳಿದು ದೂರ ಹೋದ ಮೇಲೆ ಚಕ್ರಕ್ಕೆ ಕಲ್ಲು ಕೊಟ್ಟೆವು. ಅವರು ಮುಂದಿನ ಚಕ್ರಗಳ ಹತ್ತಿರ ಕೂತು ಹಬ್ ಲಾಕ್ ಮಾಡಿದರು. ನಾನು ಮೊಬೈಲ್ ನೋಡಿಕೊಂಡೆ. ಸರಿಯಾಗಿ ಎರಡು ನಿಮಿಷ.

ಫೋರ್ ಲೋನಲ್ಲಿ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿನಲ್ಲಿ, ಖಾಲಿ ಗಾಡಿ ಆರಾಮಾಗಿ ಹತ್ತಿತು. ಆದರೆ ಮೇಲೆ ದರೆ ಜರಿದು ಅರ್ಧ ದಾರಿ ಮುಚ್ಚಿತ್ತು. ಹಿಂದಕ್ಕೆ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ತೋಟದಲ್ಲಿ ಅಡಿಕೆ ಕೊನೆ ತೆಗೆಯುತ್ತಿದ್ದ ಮೂವರು ಗದ್ದಲ ಕೇಳಿ ಗುದ್ದಲಿ ಹಿಡಿದು ಬಂದರು. ಎರಡು ಗಂಟೆ ಹತ್ತಿರ ಮಣ್ಣು ಎಳೆದೆವು. ಗೆಸ್ಟುಗಳ ಕಾಲಿಗೆ ಇಂಬಳ, ರಕ್ತ ಹೀರುವ ಜಿಗಣೆ. ನನ್ನ ಫೋನಿಗೆ ನೆಟ್‌ವರ್ಕ್ ಇಲ್ಲ. ಊಟದ ಮನೆಗೆ ಹೇಳುವುದು ಹೇಗೆ? ಆ ಮೂವರು ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. 'ಈ ದಾರೀಲಿ ಯಾಕ್ ಬಂದ್ರಿ' ಅಂತ ಒಬ್ಬರು ಡ್ರೈವರಣ್ಣನನ್ನು ಕೇಳಿದರು. ಅವರು ಏನೂ ಹೇಳದೆ ಗುದ್ದಲಿ ತೊಳೆಯಲು ಹೋದರು. ನಾನು ಹೇಳಬೇಕಿತ್ತು. ಹೇಳಲಿಲ್ಲ.

ಹಾಗೆ ನಾಲ್ಕು ಹತ್ತಕ್ಕೆ ಆ ಅಂಗಳ.

'ಬನ್ನಿ ಬನ್ನಿ, ತೊಂದರೆ ಏನಿಲ್ಲ' ಅಂದರು ಆ ಮನೆಯ ಅಮ್ಮ. ಅನ್ನ ಎರಡನೇ ಸಲ ಮಾಡಿದ್ದರು. ತಂಬುಳಿ ಹೊಸದಾಗಿ ಕಡೆದಿದ್ದರು, ಬೆಳಿಗ್ಗಿನದು ಹುಳಿಯಾಗಿತ್ತಂತೆ. ಅಪ್ಪೆಹುಳಿ, ಬಾಳೆಕಾಯಿ ಪಲ್ಯ, ಗೊಜ್ಜು. ಗೆಸ್ಟುಗಳು ಹಸಿದಿದ್ದರು, ಚೆನ್ನಾಗಿ ಉಂಡರು. ನಾನು ಒಳಗೆ ಕೈ ತೊಳೆಯಲು ಹೋದಾಗ ಅಡುಗೆಮನೆಯಲ್ಲಿ ಇನ್ನೊಂದೆರಡು ಎಲೆ ಮಡಚಿ ಇಟ್ಟಿದ್ದು ಕಂಡಿತು. 'ನಿಮ್ಮದು ಊಟ ಆಯ್ತಾ ಅಮ್ಮ' ಅಂದೆ. 'ಬರ್ತೀವಿ ಅಂದವರು ಉಣ್ಣದೆ ನಾವು ಹೇಗೆ ಉಣ್ಣೋದು' ಅಂದರು. ಬೈದಿದ್ದಲ್ಲ. ಮಾಮೂಲಿಯಾಗಿ ಹೇಳಿದ್ದು.

ಅವರ ಯಜಮಾನರು ನಮ್ಮನ್ನು ಹುಡುಕಿ ಮೇನ್ ರೋಡಿಗೆ ಸ್ಕೂಟರಿನಲ್ಲಿ ಎರಡು ಸಲ ಹೋಗಿದ್ದರು. ಎರಡನೇ ಸಲ ಕ್ರಾಸಿನಲ್ಲಿ ಒಂದು ಗಂಟೆ ನಿಂತಿದ್ದರು. ನಾವು ಹಿತ್ತಲ ದಾರಿಯಲ್ಲಿ ಸಿಕ್ಕಿಬಿದ್ದಿದ್ದೇವೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಹೊರಡುವಾಗ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಉರಿ ಹೊರಗೆಳೆದು ಹೋಗಿದ್ದರು. ಅರ್ಧ ಬೆಂದು ನಿಂತ ಅಡಿಕೆ. ಮತ್ತೆ ಬೇಯಿಸಿದರೂ ಬಣ್ಣ ಸರಿಯಾಗಿ ಕೂರಲಿಲ್ಲ ಅಂತ ಆಮೇಲೆ ಬೇರೆಯವರಿಂದ ತಿಳಿಯಿತು. ಎಲೆ ಚುಕ್ಕೆ ರೋಗ ಬಂದು ಆ ಕಡೆಯ ತೋಟಗಳು ಸೊರಗಿವೆ, ಫಸಲು ಬಿದ್ದಿದೆ. ನಮ್ಮ ಗೆಸ್ಟುಗಳಿಗೆ ಊಟ ಹಾಕಲು ಅವರು ಒಪ್ಪಿದ್ದೇ ಅದಕ್ಕೆ. ಇರುವ ಅಡಿಕೆಯಲ್ಲೂ ಒಂದು ಹಂಡೆ ನನ್ನಿಂದ ಕೆಟ್ಟಿತು.

ಕೊಡಚಾದ್ರಿ ಆಗಲಿಲ್ಲ. ಗೆಸ್ಟುಗಳು ಕತ್ತಲಾಗುವವರೆಗೆ ಅದೇ ಅಂಗಳದಲ್ಲಿ ಅಡಿಕೆ ಸುಲಿಯುವವರ ಜೊತೆ ಕೂತು ಮಾತಾಡಿದರು. ಆ ಹುಡುಗನೂ ಮೆಟ್ಟುಗತ್ತಿ ಮೇಲೆ ಕೂತು ನಾಲ್ಕು ಅಡಿಕೆ ಸುಲಿದ. ಅವನ ಮಂಡಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಅವರಿಂದ ಕಂಪ್ಲೇಂಟ್ ಬರಲಿಲ್ಲ.

ಇನ್ನೊಂದು ವಿಷಯ ಬರೆಯದೆ ಇದ್ದರೆ ಇದೆಲ್ಲ ಬರೆದು ಪ್ರಯೋಜನ ಇಲ್ಲ. ರಾತ್ರಿ ಹತ್ತಕ್ಕೆ ಟ್ರಿಪ್ ರಿಪೋರ್ಟ್ ಹಾಕಬೇಕು. ಆ್ಯಪಿನಲ್ಲಿ 'ಡಿಲೇ ರೀಸನ್' ಅಂತ ಒಂದು ಕಡ್ಡಾಯ ಕಾಲಂ ಇದೆ. ಮೂರೇ ಆಯ್ಕೆ: ಗೆಸ್ಟ್, ವೆದರ್, ವೆಹಿಕಲ್. ಕೋಆರ್ಡಿನೇಟರ್ ತಪ್ಪು ಅನ್ನುವ ಆಯ್ಕೆಯೇ ಇಲ್ಲ. ಕೆಳಗೆ ರಿಮಾರ್ಕ್ಸ್ ಇದೆ, ಅಲ್ಲಿ ಬರೆಯಬಹುದಿತ್ತು. ಸುಸ್ತಾಗಿತ್ತು, ಹೆದರಿಕೆಯೂ ಇತ್ತು. 'ವೆಹಿಕಲ್' ಒತ್ತಿ ಮಲಗಿದೆ. ಮೂರು ದಿನ ಬಿಟ್ಟು ಡ್ರೈವರಣ್ಣನ ಬಾಡಿಗೆಯಲ್ಲಿ ಅರ್ಧ ಕಟ್. ಅವರು ಫೋನ್ ಮಾಡಿ ಕೇಳಲಿಲ್ಲ. ಬಿಲ್ಲಿನ ಪಟ್ಟಿ ನೋಡುವಾಗ ನನಗೇ ಕಂಡಿತು. ನಮ್ಮ ಏಳು ಜನ ಗೆಸ್ಟುಗಳನ್ನೂ ನನ್ನನ್ನೂ ಉಳಿಸಿದವರಿಗೆ ನಾನು ಕೊಟ್ಟಿದ್ದು ಇದು.

ಮ್ಯಾನೇಜರಿಗೆ ಫೋನ್ ಮಾಡಿದೆ. ನಡೆದಿದ್ದೆಲ್ಲ ಹೇಳಿದೆ, ಡೋರ್ ತೆಗೆದದ್ದನ್ನೂ ಹೇಳಿದೆ. 'ಕ್ಲೋಸ್ ಆದ ಟ್ರಿಪ್ ಎಡಿಟ್ ಆಗಲ್ಲ' ಅಂದರು. ಎರಡು ವಾರ ಬೆನ್ನು ಬಿದ್ದು ಮೇಲ್ ಹಾಕಿದ ಮೇಲೆ ನನ್ನ ಇನ್ಸೆಂಟಿವ್‌ನಲ್ಲಿ ಹಿಡಿದು ಡ್ರೈವರಣ್ಣನಿಗೆ ಕೊಟ್ಟರು. ಆಯ್ಕೆ ಇವತ್ತಿಗೂ ಮೂರೇ ಇದೆ. ಆ ಕಾಲಂ ಬದಲಾಯಿಸಿ ಅಂತ ಈಗಲೂ ಪ್ರತಿ ಮೀಟಿಂಗಿನಲ್ಲಿ ಕೇಳುತ್ತೇನೆ, ಬಿಡುವುದಿಲ್ಲ. ನಾನು ಡ್ರೈವರಣ್ಣನ ಮನೆಗೆ ಹೋಗಿ ತಪ್ಪಾಯಿತು ಅಂದೆ. 'ಇರಲಿ ಬಿಡಿ' ಅಂದು ಕಾಫಿ ಕೊಟ್ಟರು. ಆ 'ಇರಲಿ ಬಿಡಿ' ಒಳಗೆ ಏನಿತ್ತು ಅಂತ ಕೇಳುವ ಹಾಗಿರಲಿಲ್ಲ.

ಈಗ ಹಿಂದಿನ ರಾತ್ರಿ ಡ್ರೈವರಿಗೆ ಫೋನ್ ಮಾಡುತ್ತೇನೆ. 'ಈ ದಾರಿ ಹೋಗಬಹುದಾ' ಅಂತ ಕೇಳಲ್ಲ, 'ನೀವಾದರೆ ಯಾವ ದಾರಿ ಹಿಡೀತೀರಿ' ಅಂತ ಕೇಳುತ್ತೇನೆ. ಎರಡು ಪ್ರಶ್ನೆಗೂ ಬರುವ ಉತ್ತರ ಬೇರೆ ಬೇರೆ.

ಹೋದ ವಾರ ಅದೇ ಮನೆಗೆ ಎಂಟು ಜನರ ಬುಕಿಂಗ್ ಬಂತು. ಶೀಟಿನಲ್ಲಿ ಊಟ ಒಂದೂವರೆಗೆ. ಅಮ್ಮನಿಗೆ ಫೋನ್ ಮಾಡಿದೆ. 'ತೊಂದರೆ ಏನಿಲ್ಲ, ಯಾವಾಗ ಆದ್ರೂ ಬನ್ನಿ' ಅಂದರು. 'ಅದು ಬಿಡಿ ಅಮ್ಮ, ನಿಮಗೆ ಎಷ್ಟು ಹೊತ್ತಿಗೆ ಅನುಕೂಲ ಹೇಳಿ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೊಟ್ಟಿಗೆಯಲ್ಲಿ ದನ ಕೂಗಿದ್ದು ಕೇಳಿಸಿತು.

'ಹನ್ನೆರಡೂವರೆ ಆದ್ರೆ ಒಳ್ಳೇದಿತ್ತು. ಒಂದೂವರೆಗೆ ಹಂಡೆ ಇಳಿಸೋ ಹೊತ್ತು.'

ಶೀಟಿನಲ್ಲಿ ಹನ್ನೆರಡೂವರೆ ಅಂತ ತಿದ್ದಿ ಗ್ರೂಪಿಗೆ ಹಾಕಿದೆ.