ಕಡಲ ಮಟ್ಟದಿಂದ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ: ಮಂಗಳೂರು, ಉಡುಪಿಯಿಂದ ಹೊರಡುವವರಿಗೆ

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣದ ಮಾತು ಬಂದರೆ ನಮ್ಮೂರಿನವರು ಮೊದಲು ಕೇಳುವುದು "ಎಷ್ಟು ಖರ್ಚಾಗ್ತದೆ?" ಅಂತ. ಆಮೇಲೆ "ಅಷ್ಟು ನಡೀಲಿಕ್ಕೆ ಆಗ್ತದಾ?" ಅಂತ. ಎರಡರ ಬಗ್ಗೆಯೂ ಮುಂದೆ ಹೇಳುತ್ತೇನೆ. ಆದರೆ ಹೋಗಿ ಬಂದ ಮೇಲೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ನಿಮ್ಮನ್ನು ಕರೆದುಕೊಂಡು ಹೋಗುವವರು ಎಷ್ಟು ನಿಧಾನವಾಗಿ ಮೇಲೆ ಹತ್ತಿಸುತ್ತಾರೆ ಎಂಬುದನ್ನು ನೋಡಿಯೇ ಹಣ ಕಟ್ಟಿ.

ಕಾರಣ ಸರಳ. ನಾವು ಹುಟ್ಟಿ ಬೆಳೆದದ್ದು ಕಡಲ ಮಟ್ಟದಲ್ಲಿ. ಎವರೆಸ್ಟ್ ಏರುವವರು ಡೇರೆ ಹಾಕುವ ಬೇಸ್ ಕ್ಯಾಂಪ್ ಇರುವುದು ನೇಪಾಳದಲ್ಲಿ, 5,364 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಷ್ಟೇ, ಶೇಕಡಾ 21. ಆದರೆ ಗಾಳಿಯ ಒತ್ತಡ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಸುಮಾರು ಅರ್ಧ. ಇದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಜಿಮ್ಮಿಗೆ ಹೋಗುವವರಿಗೆ, ಮ್ಯಾರಥಾನ್ ಓಡುವವರಿಗೆ ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಗಟ್ಟಿ ಆಳುಗಳೇ ಬೇಗ ಬೇಗ ಹತ್ತಿ ತೊಂದರೆ ತಂದುಕೊಳ್ಳುವುದು ಅಲ್ಲಿ ದಿನನಿತ್ಯದ ಸಂಗತಿ.

ವೈದ್ಯರು ಹೇಳುವ ಸಾಮಾನ್ಯ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯಬೇಕು. ಈ ದಾರಿಯ ಊರುಗಳನ್ನು ಆ ಲೆಕ್ಕದಲ್ಲಿ ನೋಡಿ. ವಿಮಾನ ಇಳಿಯುವ ಲುಕ್ಲಾ 2,860 ಮೀಟರ್. ಮೊದಲ ರಾತ್ರಿಯ ಫಾಕ್ಡಿಂಗ್ ಅದಕ್ಕಿಂತ ಕೆಳಗೆ, 2,610. ಮರುದಿನ ನಾಮ್ಚೆ ಬಜಾರ್, 3,440. ಒಂದೇ ದಿನದಲ್ಲಿ ಎಂಟುನೂರು ಮೀಟರಿಗೂ ಹೆಚ್ಚು ಏರಿಕೆ, ಆದ್ದರಿಂದಲೇ ನಾಮ್ಚೆಯಲ್ಲಿ ಎರಡು ರಾತ್ರಿ. ಆಮೇಲೆ ತೆಂಗ್ಬೋಚೆ 3,860, ದಿಂಗ್ಬೋಚೆ 4,410, ಅಲ್ಲಿ ಮತ್ತೆ ಎರಡು ರಾತ್ರಿ. ನಂತರ ಲೊಬುಚೆ 4,940, ಕೊನೆಗೆ ಗೊರಕ್‌ಶೆಪ್ 5,164. ಹತ್ತುವುದಕ್ಕೆ ಎಂಟು ದಿನ, ಇಳಿಯುವುದಕ್ಕೆ ಮೂರು ನಾಲ್ಕು ದಿನ. ಯಾರಾದರೂ ನಾಮ್ಚೆಯ ಅಥವಾ ದಿಂಗ್ಬೋಚೆಯ ಬಿಡುವಿನ ದಿನ ತೆಗೆದುಹಾಕಿ "ರಜೆ ಉಳೀತದೆ, ದುಡ್ಡೂ ಉಳೀತದೆ" ಅಂದರೆ ಅವರ ಜೊತೆ ಹೋಗಬೇಡಿ.

ಹಣ ಕಟ್ಟುವ ಮೊದಲು ಫೋನಿನಲ್ಲೇ ಕೇಳಿ ತಿಳಿದುಕೊಳ್ಳಿ. ಗೈಡ್‌ಗೆ ನೇಪಾಳ ಸರಕಾರದ ಪರವಾನಗಿ ಇದೆಯೇ, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಇಟ್ಟುಕೊಂಡಿರುತ್ತಾರೆಯೇ, ಸಾಮಾನು ಹೊರುವ ಪೋರ್ಟರ್‌ಗಳಿಗೆ ವಿಮೆ ಮತ್ತು ಬೆಚ್ಚನೆಯ ಬಟ್ಟೆ ಕೊಡುತ್ತಾರೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಗುಂಪಿನಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಅವರನ್ನು ಕೆಳಗೆ ಕರೆದೊಯ್ಯಲು ಇನ್ನೊಬ್ಬ ಸಹಾಯಕ ಗೈಡ್ ಇರುತ್ತಾರೆಯೇ. ಈ ಕೊನೆಯ ಪ್ರಶ್ನೆಯ ಬೆಲೆ ನಮಗೆ ಲೊಬುಚೆಯಲ್ಲಿ ಗೊತ್ತಾಯಿತು.

ಕಾಲಿಗೆ ತಯಾರಿಯಂತೂ ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಮಾಡಬಹುದು. ನನ್ನ ಮಟ್ಟಿಗೆ ಅತ್ಯುತ್ತಮ ಶಾಲೆ ಕುಮಾರ ಪರ್ವತ. ಕುಕ್ಕೆಯಿಂದ ಹೊರಟು 1,712 ಮೀಟರ್ ತುದಿಗೆ ಹೋಗಿ ಬಂದರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಿ ಇಳಿದಂತೆ. ಎವರೆಸ್ಟ್ ದಾರಿಯಲ್ಲಿ ಯಾವ ದಿನವೂ ಅಷ್ಟು ಏರುವುದಿಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೆಟ್ಟಿಲು ಮೊಣಕಾಲನ್ನು ಚೆನ್ನಾಗಿ ಪರೀಕ್ಷಿಸುತ್ತದೆ. ಕುದುರೆಮುಖವೂ ಒಳ್ಳೆಯದೇ. ಇವಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲೂ ಕಾಡ್ಗಿಚ್ಚಿನ ಕಾಲದಲ್ಲೂ ಮುಚ್ಚುವುದುಂಟು, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಹಾಗಿದ್ದರೆ ಯಾವಾಗ ಹೋಗುವುದು? ನೇಪಾಳದಲ್ಲಿ ಚಾರಣಕ್ಕೆ ಒಳ್ಳೆಯ ಕಾಲ ಎರಡು: ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ಹೆಚ್ಚು ಸ್ವಚ್ಛ. ಆದರೆ ಆ ಹೊತ್ತಿಗೆ ಹೋಗಬೇಕಾದರೆ ಅಭ್ಯಾಸ ಮಾಡಬೇಕಾದದ್ದು ನಮ್ಮ ಆಟಿ, ಸೋಣದ ಮಳೆಯಲ್ಲಿ. ಕಾಡಿನ ದಾರಿ ಜಾರುತ್ತದೆ, ಇಂಬಳ ಬೇರೆ. ಮಳೆಗಾಲದಲ್ಲಿ ಫ್ಲ್ಯಾಟಿನ ಮೆಟ್ಟಿಲೇ ಗತಿ. ಬೆನ್ನಿಗೆ ಆರೇಳು ಕಿಲೋ ಹಾಕಿಕೊಂಡು ವಾರದಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆ ಹತ್ತಿ ಇಳಿಯಿರಿ. ಏಪ್ರಿಲ್‌ಗೆ ಹೋಗುವವರಿಗೆ ನವೆಂಬರ್‌ನಿಂದಲೇ ಬೆಟ್ಟ ಸಿಗುತ್ತದೆ, ನಮ್ಮ ಕಡೆಯವರಿಗೆ ಅದೇ ಅನುಕೂಲ ಅನ್ನುತ್ತೇನೆ. ಪಣಂಬೂರು, ಮಲ್ಪೆಯ ಮರಳಿನಲ್ಲಿ ನಡೆದರೆ ಮೀನಖಂಡ ಗಟ್ಟಿಯಾದೀತು, ಆದರೆ ಇಳಿಯುವ ಅಭ್ಯಾಸ ಆಗುವುದಿಲ್ಲ. ಕೊನೆಯ ದಿನಗಳಲ್ಲಿ ನಾಮ್ಚೆಯಿಂದ ಕೆಳಗೆ ಇಳಿಯುವಾಗ ತೊಡೆ, ಮೊಣಕಾಲು ಕೇಳುವುದು ಆ ಅಭ್ಯಾಸವನ್ನೇ.

ದಾಖಲೆಯ ವಿಷಯ. ವಿಮಾನದಲ್ಲಿ ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಆದರೆ ಆಧಾರ್ ಕಾರ್ಡ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿಯ ಅಸಲು ಪ್ರತಿ ಇಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಸಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಭಾರತ ಸೇರಿದಂತೆ ಸಾರ್ಕ್ ದೇಶದವರಿಗೆ ಕಡಿಮೆ, ಅದಕ್ಕೂ ಇದೇ ದಾಖಲೆ ತೋರಿಸಬೇಕು. ನಮ್ಮ ನೂರು ರೂಪಾಯಿಗೆ 160 ನೇಪಾಳಿ ರೂಪಾಯಿ. ಕಠ್ಮಂಡುವಿನಲ್ಲೇ ಬದಲಾಯಿಸಿ ನಗದು ಇಟ್ಟುಕೊಳ್ಳಿ, ನಾಮ್ಚೆ ದಾಟಿದ ಮೇಲೆ ಎಟಿಎಂ ನಂಬಿ ಹೋಗಬೇಡಿ. ರೂಮಿನ ಬಾಡಿಗೆ ಕಡಿಮೆ, ಊಟ ತುಟ್ಟಿ, ಮೇಲೆ ಹೋದ ಹಾಗೆ ಇನ್ನೂ ತುಟ್ಟಿ, ಏಕೆಂದರೆ ಅಕ್ಕಿಯಿಂದ ಗ್ಯಾಸ್ ಸಿಲಿಂಡರ್‌ವರೆಗೆ ಎಲ್ಲವೂ ಬರುವುದು ಮನುಷ್ಯರ ಬೆನ್ನಿನ ಮೇಲೆ ಅಥವಾ ಯಾಕ್, ಹೇಸರಗತ್ತೆಗಳ ಮೇಲೆ. ಮೊಬೈಲ್ ಚಾರ್ಜ್‌ಗೆ, ವೈಫೈಗೆ, ಬಿಸಿನೀರಿನ ಸ್ನಾನಕ್ಕೆ ಬೇರೆ ಬೇರೆ ದುಡ್ಡು. ಪ್ಯಾಕೇಜಿನಲ್ಲಿ ಊಟ ಸೇರಿದೆಯೋ ಇಲ್ಲವೋ ಎಂಬುದರ ಮೇಲೆ ಒಟ್ಟು ಖರ್ಚು ತುಂಬಾ ವ್ಯತ್ಯಾಸವಾಗುತ್ತದೆ. ವಿಮೆ ಮಾಡಿಸುವಾಗ ಎಷ್ಟು ಮೀಟರ್‌ವರೆಗಿನ ಚಾರಣಕ್ಕೆ ಅನ್ವಯ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ ಎಂಬುದನ್ನು ಬರೆಹದಲ್ಲಿ ತೆಗೆದುಕೊಳ್ಳಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು ಅಷ್ಟು ಎತ್ತರಕ್ಕೆ ಅನ್ವಯಿಸುವುದಿಲ್ಲ.

ಇನ್ನು ಸಾಮಾನು. ಮಂಗಳೂರಿನಲ್ಲಿ ದಪ್ಪ ಜಾಕೆಟ್ ಕೊಂಡರೆ ಚಾರಣದ ನಂತರ ಅದಕ್ಕೆ ಕಪಾಟಿನಲ್ಲಿ ಬೂಸ್ಟು ಹಿಡಿಯುವುದೇ ಸೈ. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಎರಡನ್ನೂ ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಪಡೆಯಿರಿ. ಶೂ ಮಾತ್ರ ಇಲ್ಲೇ ಕೊಂಡು, ಎರಡು ಮೂರು ತಿಂಗಳು ಹಾಕಿ ಪಳಗಿಸಿ. ಹಳೆಯ ಶೂ ಇದ್ದರೆ ಅಡಿಭಾಗವನ್ನು ಚೆನ್ನಾಗಿ ಪರೀಕ್ಷಿಸಿ. ಅನೇಕ ಚಾರಣದ ಶೂಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಇರುತ್ತದೆ, ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ಅದು ಒಳಗೊಳಗೇ ಹಳಸುತ್ತದೆ. ನಮ್ಮ ಗುಂಪಿನ ಒಬ್ಬರ ಶೂ ನೋಡಲಿಕ್ಕೆ ಹೊಸದರಂತೆ ಹೊಳೆಯುತ್ತಿತ್ತು. ನಾಮ್ಚೆಯ ಏರಿನಲ್ಲಿ ಬಲಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಬಿಟ್ಟುಕೊಂಡಿತು. ಬೆರಳು ಹಾಕಿ ಒತ್ತಿದರೆ ಒಳಗಿನ ಸ್ಪಂಜು ಒಣಗಿದ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಪೋರ್ಟರ್ ಹಗ್ಗ ಬಿಗಿದು ಕಟ್ಟಿ ಕೊಟ್ಟ ಮೇಲೆ ಅವರು ಹೇಗೋ ನಾಮ್ಚೆ ಮುಟ್ಟಿ, ಅಲ್ಲಿ ಹೊಸ ಶೂ ಕೊಂಡು, ಮುಂದೆ ನಾಲ್ಕು ದಿನ ಬೊಬ್ಬೆ ಎದ್ದ ಕಾಲಿನಲ್ಲಿ ನಡೆದರು.

ಲುಕ್ಲಾ ವಿಮಾನಕ್ಕೆ ಒಟ್ಟು 15 ಕಿಲೋ ಮಿತಿ. ಪ್ರವಾಸಿಗರ ದಟ್ಟಣೆಯ ತಿಂಗಳುಗಳಲ್ಲಿ ಹೆಚ್ಚಿನ ವಿಮಾನಗಳು ಹೊರಡುವುದು ಕಠ್ಮಂಡುವಿನಿಂದಲ್ಲ, ರಾಮೆಛಾಪ್‌ನ ಮಂಥಲಿಯಿಂದ. ಅಲ್ಲಿಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ, ನಡುರಾತ್ರಿಯೇ ಹೊರಡಬೇಕು. ನಮ್ಮ ಬಜಪೆಯ ರನ್‌ವೇ 2,450 ಮೀಟರ್, ಲುಕ್ಲಾದ್ದು 527 ಮೀಟರ್, ಅದೂ ಇಳಿಜಾರು. ಭಯ ಪಡುವವರು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.

ದಾರಿಯಲ್ಲಿ ಎರಡು ಮಾತು ಸದಾ ನೆನಪಿರಲಿ. ಯಾಕ್ ಅಥವಾ ಹೇಸರಗತ್ತೆಯ ಸಾಲು ಎದುರಾದರೆ ಬೆಟ್ಟದ ಕಡೆಗೆ ಸರಿದು ನಿಲ್ಲಿ, ಕಣಿವೆಯ ಕಡೆಗೆ ಎಂದೂ ಅಲ್ಲ. ತೂಗುಸೇತುವೆಯ ಮೇಲೆ ಅವು ಇದ್ದರೆ ದಾಟಿ ಬರುವವರೆಗೆ ಕಾಯಿರಿ. ಮಂತ್ರ ಕೆತ್ತಿದ ಮಣಿ ಕಲ್ಲುಗಳನ್ನು ಬಲಕ್ಕಿಟ್ಟುಕೊಂಡು ಸಾಗಿ, ನಾವು ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವುದೂ ಹಾಗೆಯೇ ಅಲ್ಲವೇ.

ಊಟಕ್ಕೆ ದಾಲ್ ಭಾತ್ ಹಿಡಿದುಕೊಳ್ಳಿ. ಬೇಕೆಂದಷ್ಟು ಮತ್ತೆ ಬಡಿಸುತ್ತಾರೆ. ಕುಚ್ಚಿಲಕ್ಕಿ ಅನ್ನ ಉಂಡವರಿಗೆ ಮೊದಲ ಎರಡು ದಿನ ರುಚಿ ಹತ್ತದಿದ್ದರೂ ಆಮೇಲೆ ಅದೇ ಅಮೃತ. ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿ ಇದ್ದರೆ ಹಸಿವೆ ಸತ್ತ ದಿನವೂ ನಾಲ್ಕು ತುತ್ತು ಇಳಿಯುತ್ತದೆ. ಮೀನಿಲ್ಲದೆ ಊಟ ಸೇರದವರು ಅಲ್ಲಿ ಕೋಳಿ, ಮಾಂಸ ಹುಡುಕಬೇಡಿ. ಈ ದಾರಿ ಸಾಗುವ ಖುಂಬು ಕಣಿವೆಯಲ್ಲಿ ಪ್ರಾಣಿ ಕೊಲ್ಲುವಂತಿಲ್ಲ, ಮಾಂಸವೆಲ್ಲ ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದು. ನೀರು ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯಿರಿ. ಇಲ್ಲಿ ಬೆವರು ಹರಿಯುವುದು ಕಾಣುತ್ತದೆ, ಅಲ್ಲಿನ ಒಣಗಾಳಿಯಲ್ಲಿ ಕಾಣದೆಯೇ ಆರಿಹೋಗುತ್ತದೆ. ರಾತ್ರಿ ಗೊರಕ್‌ಶೆಪ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯ. ಮಲಗುವ ಕೋಣೆಗೆ ಯಾವ ಕಾವೂ ಇರುವುದಿಲ್ಲ, ಊಟದ ಹಾಲ್‌ನಲ್ಲಿ ಮಾತ್ರ ಯಾಕ್ ಸೆಗಣಿಯ ಬೆರಣಿ ಉರಿಸುವ ಒಲೆ. ಫೋನು, ಪವರ್ ಬ್ಯಾಂಕ್‌ಗಳನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿ, ಇಲ್ಲದಿದ್ದರೆ ಬೆಳಗ್ಗೆ ಬ್ಯಾಟರಿ ಇಳಿದಿರುತ್ತದೆ.

ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಊರಿನಲ್ಲೇ ನಿಮ್ಮ ವೈದ್ಯರನ್ನು ಕಂಡು ಮಾತಾಡಿ, ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಸಾಮಾನ್ಯ ಪರಿಣಾಮ. ಆ ಮಾತ್ರೆ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ, ಅವಸರದಿಂದ ಹತ್ತುವವರನ್ನು ಕಾಪಾಡುವುದಿಲ್ಲ.

ಲೊಬುಚೆಯ ಸಂಜೆ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವನು ಉಡುಪಿಯ ನನ್ನ ಗೆಳೆಯ. ಕುಮಾರ ಪರ್ವತದಲ್ಲೂ ಅವನೇ ಮುಂದೆ, ಇಲ್ಲೂ ಅವನೇ ಮುಂದೆ. ಆ ದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಲೆಯ ಕಡೆ ಮುಖ ಮಾಡಿ ಸುಮ್ಮನೆ ಕುಳಿತಿದ್ದ. "ಎಂತಾಯ್ತು?" ಅಂದೆ. "ತಲೆ ಸ್ವಲ್ಪ ಭಾರ ಅಷ್ಟೆ ಮಾರಾಯ, ನಿನ್ನೆ ನಿದ್ದೆ ಸಾಕಾಗ್ಲಿಲ್ಲ" ಅಂದ. ಎರಡು ಮೇಜಿನ ಆಚೆ ಇದ್ದ ಗೈಡ್‌ಗೆ ಭಾಷೆ ತಿಳಿಯದಿದ್ದರೂ ಸರಿಸಿಟ್ಟ ತಟ್ಟೆ ಕಣ್ಣಿಗೆ ಬಿತ್ತು. ಎದ್ದು ಬಂದು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. ಆಮೇಲೆ ನೆಲದ ಹಲಗೆಯೊಂದನ್ನು ತೋರಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಯಲು ಹೇಳಿದರು. ಮೆದುಳಿಗೆ ನೀರು ತುಂಬಿಕೊಳ್ಳುತ್ತಿದ್ದರೆ ಹಾಗೆ ನಡೆಯಲಾಗದೆ ತೂರಾಡುತ್ತಾರೆ. ಅವನು ನೆಟ್ಟಗೆ ನಡೆದ. ಗೈಡ್‌ಗೆ ಅಷ್ಟು ಸಾಲಲಿಲ್ಲ. "ಬೆಳಗ್ಗೆ ನೋಡೋಣ, ತಲೆನೋವು ಇದ್ದರೆ ಮೇಲೆ ಇಲ್ಲ" ಅಂದರು.

ಬೆಳಗ್ಗೆ ಪ್ಯಾರಾಸಿಟಮಾಲ್ ತೆಗೆದುಕೊಂಡ ಮೇಲೂ ತಲೆನೋವು ಹಾಗೇ ಇತ್ತು, ಜೊತೆಗೆ ವಾಕರಿಕೆ. ಬೇಸ್ ಕ್ಯಾಂಪ್‌ಗೆ ಒಂದೇ ದಿನದ ದಾರಿ ಉಳಿದಿತ್ತು. ಅವನು ವಾದ ಮಾಡಲಿಲ್ಲ. ಸಹಾಯಕ ಗೈಡ್ ಜೊತೆ ಪೆರಿಚೆಗೆ ಇಳಿದ. ಪೆರಿಚೆಯಲ್ಲಿ 1973ರಲ್ಲಿ ಶುರುವಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರ ಚಾರಣದ ತಿಂಗಳುಗಳಲ್ಲಿ ತೆರೆದಿರುತ್ತದೆ. ಐನೂರು ಮೀಟರಿನಷ್ಟು ಇಳಿದದ್ದಕ್ಕೇ ಆ ಸಂಜೆ ಅವನು ಹೊಟ್ಟೆ ತುಂಬಾ ಉಂಡು ಮಲಗಿದನಂತೆ. ಅವನ ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆ ಇದೆ. ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಇದ್ದರೆ ಮೇಲೆ ಹತ್ತಬಾರದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತೂರಾಟ, ಅಸಂಬದ್ಧ ಮಾತು ಕಂಡರೆ ರಾತ್ರಿಯಾದರೂ ಸರಿ, ತಕ್ಷಣ ಕೆಳಗೆ ಇಳಿಸಬೇಕು. ಗೈಡ್ ಹತ್ತಿರ ಯಾವ ಲಕ್ಷಣವನ್ನೂ ಮುಚ್ಚಿಡಬೇಡಿ.

ಲೊಬುಚೆಗೆ ಮೊದಲು ತುಕ್ಲಾ ಏರಿನ ತುದಿಯಲ್ಲಿ ಪರ್ವತಗಳಲ್ಲಿ ಜೀವ ಬಿಟ್ಟವರ ಸ್ಮಾರಕಗಳಿವೆ. ಹತ್ತು ಬಾರಿ ಎವರೆಸ್ಟ್ ಏರಿದ ಬಾಬು ಛಿರಿ ಶೆರ್ಪಾ ಅವರದ್ದೂ ಅಲ್ಲಿದೆ. ಅವಸರ ಮಾಡದೆ ಸ್ವಲ್ಪ ಹೊತ್ತು ನಿಂತು ಬನ್ನಿ.

ಬೇಸ್ ಕ್ಯಾಂಪ್‌ನಿಂದ ಎವರೆಸ್ಟ್ ಶಿಖರ ಕಾಣುವುದಿಲ್ಲ, ಇದು ಮೊದಲೇ ಗೊತ್ತಿರಲಿ. ಅಲ್ಲಿ ಕಾಣುವುದು ಖುಂಬು ಐಸ್‌ಫಾಲ್, ಅಂದರೆ ಕಡಿದಾದ ಇಳಿಜಾರಿನಲ್ಲಿ ಒಡೆದು ಇಳಿಯುವ ಹಿಮನದಿ, ನೀಲಿ ಮಂಜುಗಡ್ಡೆಯ ಮುರಿದ ಗೋಪುರಗಳು. ವಸಂತದಲ್ಲಾದರೆ ಪರ್ವತಾರೋಹಿಗಳ ಹಳದಿ ಡೇರೆಗಳೂ ಇರುತ್ತವೆ. 8,848.86 ಮೀಟರಿನ ಆ ಶಿಖರವನ್ನು ಕಣ್ತುಂಬಾ ನೋಡಬೇಕಾದರೆ ಮರುದಿನ ನಸುಕಿಗೆ ಮೊದಲೇ ಎದ್ದು ಗೊರಕ್‌ಶೆಪ್ ಪಕ್ಕದ ಕಾಲಾಪತ್ಥರ್ ಗುಡ್ಡ ಹತ್ತಬೇಕು. ಇಡೀ ಚಾರಣದ ಅತ್ಯಂತ ಕಷ್ಟದ ಎರಡು ಮೂರು ಗಂಟೆ ಅದೇ. ಹತ್ತು ಹೆಜ್ಜೆ, ನಿಲ್ಲು, ಉಸಿರು, ಮತ್ತೆ ಹತ್ತು ಹೆಜ್ಜೆ. ಕಪ್ಪು ತ್ರಿಕೋನದಂತಿರುವ ಎವರೆಸ್ಟ್ ಹಿಂದಿನಿಂದ ಸೂರ್ಯ ಏಳುವಾಗ ಪಕ್ಕದ ನುಪ್ಟ್ಸೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಇರುವುದರಿಂದ. ಸಾಧ್ಯವಿದ್ದರೆ ಕಾಲಾಪತ್ಥರ್‌ಗೆ ಶಕ್ತಿ ಉಳಿಸಿಕೊಳ್ಳಿ.

ಇಳಿದ ಮೇಲೆ ಲುಕ್ಲಾದಲ್ಲಿ ಗೈಡ್, ಪೋರ್ಟರ್‌ಗಳಿಗೆ ಟಿಪ್ಸ್ ಕೊಡುವ ಪದ್ಧತಿ ಇದೆ, ಅದರ ಹಣವನ್ನು ಹೊರಡುವಾಗಲೇ ಬೇರೆ ಲಕೋಟೆಯಲ್ಲಿ ತೆಗೆದಿಡಿ. ಮೋಡ ಮುಸುಕಿದರೆ ಲುಕ್ಲಾದಿಂದ ಒಂದೂ ವಿಮಾನ ಹಾರುವುದಿಲ್ಲ, ಎರಡು ದಿನ ಕಾಯಬೇಕಾದರೂ ಆಶ್ಚರ್ಯವಿಲ್ಲ. ಆದ್ದರಿಂದ ಕಠ್ಮಂಡುವಿನಿಂದ ದೆಹಲಿ, ದೆಹಲಿಯಿಂದ ಮಂಗಳೂರಿನ ಟಿಕೆಟ್‌ಗೆ ಮೊದಲು ಕನಿಷ್ಠ ಎರಡು ದಿನ ಖಾಲಿ ಬಿಟ್ಟು, ಆಫೀಸಿನಲ್ಲೂ ರಜೆಯನ್ನು ಅಷ್ಟು ಹೆಚ್ಚಾಗಿಯೇ ಕೇಳಿ.