ಪಿಸ್ಟನ್ ಹಾಕೋ ಮೊದಲು ಆಯಿಲ್ ದಾರಿ ನೋಡಿ

ಟೂ ಸ್ಟ್ರೋಕ್ ಗಾಡಿ ಎಂಜಿನ್ ಜಾಮ್ ಆಗಿ ನಮ್ಮ ರಿಪೇರಿ ಅಂಗಡಿಗೆ ಬಂದರೆ, ತಂದವರು ಮೊದಲು ಕೇಳುವುದು ಒಂದೇ: "ಪಿಸ್ಟನ್ ಎಷ್ಟಾಗುತ್ತೆ?" ದಾವಣಗೆರೆಯಲ್ಲಿ ಯಮಹಾ ಆರ್‌ಎಕ್ಸ್ 100 ಬೈಕ್ ಹುಚ್ಚಿನ ಹುಡುಗರು ಇವತ್ತಿಗೂ ಜಾಸ್ತಿ. 1996ಕ್ಕೇ ತಯಾರಿ ನಿಂತುಹೋದ ಗಾಡಿ, ಆದರೂ ನನ್ನ ಕೆಲಸದಲ್ಲಿ ದೊಡ್ಡ ಪಾಲು ಅದರದ್ದೇ. ನಾನು ರೇಟು ಹೇಳುವುದಿಲ್ಲ. ಆಯಿಲ್ ಯಾಕೆ ಹೋಗಲಿಲ್ಲ, ಮೊದಲು ಅದನ್ನ ನೋಡೋಣ ಅಂತೀನಿ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಹಾಗೆ ಯಾಕೆ ಅಂತೀನಿ ಅನ್ನುವುದಕ್ಕೆ ಬೈಕಿನ ಉದಾಹರಣೆ ಬೇಡ, ಜೆಟ್ ಸ್ಕೀ ಒಂದರ ಕತೆ ಹೇಳುತ್ತೇನೆ. ಹೌದು, ನೀರಿನ ಮೇಲೆ ಓಡುವ ಸ್ಕೂಟರಿನಂಥ ಜೆಟ್ ಸ್ಕೀನೇ, ಅದೂ ದಾವಣಗೆರೆಯಲ್ಲಿ. ಕರಾವಳಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವವರ ಹಳೇ ಗಾಡಿ. ಎರಡು ಸಿಲಿಂಡರ್, ಟೂ ಸ್ಟ್ರೋಕ್, ಕಾರ್ಬುರೇಟರ್ ಎಂಜಿನ್. ಅವರ ಭಾವ ನಮ್ಮಲ್ಲಿ ಬೈಕ್ ಬೋರ್ ಮಾಡಿಸಿದ್ದರಂತೆ (ಸವೆದ ಸಿಲಿಂಡರನ್ನು ಕೊರೆದು ಸಮ ಮಾಡುವುದು), ಆ ಪರಿಚಯದಲ್ಲಿ ಪಿಕಪ್ ಹತ್ತಿಸಿ ಕಳಿಸಿದ್ದರು. ಇಳಿಸುವಾಗ ಬೀದಿಯವರೆಲ್ಲ ಮಂಡಕ್ಕಿ ಪೊಟ್ಟಣ ಕೈಯಲ್ಲಿ ಹಿಡಿದೇ ಬಂದು ನಿಂತಿದ್ದರು.

ಎಂಜಿನ್ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಕೆಳಗೆ ನಿಂತಿರುತ್ತದೆ, ಪಂಪ್ ಅದನ್ನೇ ತಿರುಗಿಸಿ ತಿರುಗಿಸಿ ಮೇಲೆ ಕಳಿಸುತ್ತದೆ. ಟೂ ಸ್ಟ್ರೋಕ್‌ನಲ್ಲಿ ಕೆಳಗೆ ಆಯಿಲ್ ನಿಲ್ಲುವ ಜಾಗವೇ ಇಲ್ಲ. ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಆ ಜಾಗದಲ್ಲೇ (ಕ್ರ್ಯಾಂಕ್ ಕೇಸ್) ಪೆಟ್ರೋಲು, ಗಾಳಿ ಹಾದು ಹೋಗಬೇಕು. ಜೊತೆಗೆ ಬಂದ ಆಯಿಲ್ ಬೇರಿಂಗಿಗೆ, ಗೋಡೆಗೆ ಸವರಿಕೊಂಡು ಮೇಲೆ ಹೋಗಿ ಸುಟ್ಟುಹೋಗುತ್ತದೆ. ಹೊಸ ಆಯಿಲ್ ಬರುತ್ತಲೇ ಇರಬೇಕು. ಕೈಯಲ್ಲಿ ಮಿಕ್ಸ್ ಮಾಡುವುದಾದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್, ಅಂದರೆ 50ಕ್ಕೆ 1. ಇಲ್ಲದಿದ್ದರೆ ಪಂಪ್ ಇರುತ್ತದೆ. ಎಕ್ಸಲೇಟರ್ ಎಷ್ಟು ತಿರುವುತ್ತೀರೋ ಅದಕ್ಕೆ ತಕ್ಕಂತೆ ಸಣ್ಣ ಟ್ಯೂಬಿನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಬೇರೆಯಾಗಿ ಆಯಿಲ್ ತಳ್ಳುತ್ತದೆ. ಆರ್‌ಎಕ್ಸ್‌ನ ಆಯಿಲ್ ಪಂಪ್, ಆಟೋಲೂಬ್ ಕೂಡ ಇದೇ ಲೆಕ್ಕ, ಅಲ್ಲಿ ಸಿಲಿಂಡರ್ ಒಂದೇ ಅಷ್ಟೇ.

ಈ ಜೆಟ್ ಸ್ಕೀಗೆ ಬೇರೆ ಕಡೆ ಎರಡು ಸಲ ಪಿಸ್ಟನ್ ಹಾಕಿದ್ದರು. ಎರಡು ಸಲವೂ ಹೋಗಿದ್ದು ಹಿಂದಿನ ಸಿಲಿಂಡರಿನದೇ. ಅರ್ಧ ಉತ್ತರ ಅಲ್ಲೇ ಇತ್ತು. ಟ್ಯಾಂಕಿನಲ್ಲಿ ಆಯಿಲ್ ಖಾಲಿಯಾಗಿದ್ದರೆ, ಇಲ್ಲಾ ಪಂಪ್ ತಿರುಗುವುದೇ ನಿಂತಿದ್ದರೆ, ಎರಡೂ ಸಿಲಿಂಡರ್ ಹೋಗಬೇಕಿತ್ತು. ಒಂದೇ ಹೋಗುತ್ತಿದೆ ಅಂದರೆ ತೊಂದರೆ ಆ ಒಂದಕ್ಕೆ ಹೋಗುವ ದಾರಿಯಲ್ಲಿದೆ.

ಬಿಚ್ಚಿ ನೋಡಿದೆವು. ಪೆಟ್ರೋಲ್ ಕಮ್ಮಿಯಾಗಿ ಕಾದು ಜಾಮ್ ಆದ ಪಿಸ್ಟನ್ ಸಾಮಾನ್ಯವಾಗಿ ಸೈಲೆನ್ಸರ್ ಕಡೆ ಉಜ್ಜಿರುತ್ತದೆ, ನೆತ್ತಿ ಸುಟ್ಟಿರುತ್ತದೆ, ಪ್ಲಗ್ ಬೆಳ್ಳಗಾಗಿರುತ್ತದೆ. ಇಲ್ಲಿ ಪಿಸ್ಟನ್ನಿನ ಸುತ್ತಲೂ ಗೀರು. ತಣ್ಣನೆ ಪೆಟ್ರೋಲ್ ಬಡಿಯುವ ಇನ್‌ಟೇಕ್ ಕಡೆಯೂ ಬಿಟ್ಟಿರಲಿಲ್ಲ. ಪ್ಲಗ್ಗಿಗೆ ಅಲ್ಯೂಮಿನಿಯಂ ಚುಕ್ಕೆ ಅಂಟಿತ್ತು, ಆದರೆ ಬಣ್ಣ ಮಾಮೂಲಿ ಕಂದೇ ಇತ್ತು. ರಾಡಿನ ಮೇಲಿನ ನೀಡಲ್ ಬೇರಿಂಗ್ ನೀಲಿಗೆ ತಿರುಗಿತ್ತು. ಕೆಳಗೆ ಕ್ರ್ಯಾಂಕ್ ಕೇಸಿಗೆ ಬೆರಳು ಹಾಕಿದೆ. ಮುಂದಿನದರಲ್ಲಿ ಜಿಡ್ಡು ಅಂಟಿತು. ಹಿಂದಿನದರಲ್ಲಿ ಬೆರಳು ಒಣ, ಜೊತೆಗೆ ಸ್ವಲ್ಪ ತುಕ್ಕಿನ ಪುಡಿ. ಪೆಟ್ರೋಲು ಎರಡಕ್ಕೂ ಹೋಗಿದೆ, ಆಯಿಲು ಒಂದಕ್ಕೆ ಮಾತ್ರ.

ಮಾಲೀಕರಿಗೆ ಫೋನ್ ಮಾಡಿದರೆ ನಂಬಲಿಲ್ಲ. "ಎಂತ ಮಾರಾಯ್ರೆ, ಟ್ಯಾಂಕಲ್ಲಿ ಆಯಿಲ್ ಇಳೀತಾ ಇತ್ತಲ್ಲ? ವಾರ್ನಿಂಗ್ ಕೂಡ ಕೂಗ್ಲಿಲ್ಲ!"

ಅವರ ಪ್ರಶ್ನೆ ಸರಿಯಾಗೇ ಇತ್ತು. ಆದರೆ ಆ ಬಜರ್ ನೋಡುವುದು ಟ್ಯಾಂಕಿನಲ್ಲಿ ಆಯಿಲ್ ಎಷ್ಟಿದೆ ಅಂತ. ಎಂಜಿನ್ನಿಗೆ ಮುಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಟಾರ್ಚ್ ಹಾಕಿ ಎಂಜಿನ್ ಅಡಿಗೆ ನೋಡಿದರೆ, ಗಾಡಿಯ ತಳದಲ್ಲಿ ನಿಂತ ನೀರಿನ ಮೇಲೆ 2ಟಿ (ಟೂ ಸ್ಟ್ರೋಕ್) ಆಯಿಲ್ ತೇಲುತ್ತಿತ್ತು.

"ಇಳಿದಿದ್ದು ನಿಜ ಅಣ್ಣಾ," ಅಂದೆ, "ಎಂಜಿನ್ನಿಗಲ್ಲ, ಗಾಡಿ ಹೊಟ್ಟೆಗೆ."

ಸೋರಿದ್ದು ಪಂಪಿನ ಬುಡದಲ್ಲಿ. ಹಿಂದಿನ ಸಿಲಿಂಡರಿಗೆ ಹೋಗುವ ಟ್ಯೂಬನ್ನು ಯಾರೋ ಬದಲಾಯಿಸಿದ್ದರು. ಮೀನಿನ ತೊಟ್ಟಿಗೆ ಗಾಳಿ ಬಿಡುತ್ತಾರಲ್ಲ, ಆ ಟ್ಯೂಬು! ಸೈಜು ಸರಿಹೋಗುತ್ತದೆ, ಪಾರದರ್ಶಕ, ಅಗ್ಗ. ಆಯಿಲು, ಬಿಸಿ ಎರಡೂ ತಾಗಿ ಅದು ಸೆಟೆದುಕೊಂಡಿತ್ತು. ಕ್ಲಿಪ್ ಬದಲು ಕಟ್ಟಿದ್ದ ಬೈಂಡಿಂಗ್ ವೈರ್ ಕೆಳಗೆ ಕೂದಲೆಳೆಯಷ್ಟು ಸೀಳು. ಎಂಜಿನ್ ನಿಂತಾಗ ಕಾಣುವುದೇ ಇಲ್ಲ. ಬಗ್ಗಿಸಿದರೆ ಬಾಯಿ ಬಿಡುತ್ತದೆ. ಹೊಸ ಪಿಸ್ಟನ್ ಹಾಕಿದವರು ಎರಡು ಸಲವೂ ಈ ಟ್ಯೂಬಿನ ಪಕ್ಕದಲ್ಲೇ ಸ್ಪ್ಯಾನರ್ ಆಡಿಸಿದ್ದಾರೆ.

ಟ್ಯೂಬು ಸಿಕ್ಕಿತು ಅಂತ ಅಲ್ಲಿಗೇ ಬಿಡಲಿಲ್ಲ. ಪಂಪೂ ಸೋತಿರಬಹುದಲ್ವಾ? ಅದನ್ನು ಬಿಚ್ಚಿ ಟೇಬಲ್ ಮೇಲೆ ಕಟ್ಟಿದೆವು. ಪಕ್ಕದ ಅಂಗಡಿಯಲ್ಲಿ ಹರಿಹರದಲ್ಲಿ ತಯಾರಾದ ಹಳೇ ಕಿರ್ಲೋಸ್ಕರ್ ಲೇತ್ ಇದೆ. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಲೇತ್ ಮಾತ್ರ ಇನ್ನೂ ಕರಾರುವಾಕ್ಕು. ಅದರಲ್ಲೇ ಪಂಪಿನ ಶಾಫ್ಟಿಗೆ ಕೂರುವಂಥ ಚಿಕ್ಕ ತುಂಡೊಂದನ್ನು ಮಾಡಿಸಿ ಡ್ರಿಲ್ ಮಷಿನ್‌ಗೆ ಸಿಕ್ಕಿಸಿದೆವು. ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಬೇಕು, ಒಣ ಪಂಪ್ ತಿರುಗಿಸಬಾರದು. ಮೆಡಿಕಲ್ ಶಾಪಿನಿಂದ ತಂದ ಎರಡು ಸಿರಿಂಜುಗಳ ಹಿಡಿ ಕಿತ್ತು, ಬಾಯಿ ಮುಚ್ಚಿ, ಒಂದೊಂದು ಟ್ಯೂಬಿನ ಕೆಳಗೆ ಒಂದೊಂದು ಇಟ್ಟೆವು. ಮೊದಲು ಗುಳ್ಳೆ ಗುಳ್ಳೆಯಾಗಿ ಬಂತು. ಪಂಪಿನ ಏರ್ ಸ್ಕ್ರೂ ಸಡಿಲ ಮಾಡಿ ಗಾಳಿ ಪೂರ್ತಿ ತೆಗೆದ ಮೇಲೆ ಹನಿ ಸಮನಾಯಿತು. ಎರಡು ಸಿರಿಂಜಿನಲ್ಲೂ ಆಯಿಲ್ ಒಂದೇ ಗೆರೆಗೆ ನಿಂತಿತು. ಪಂಪ್ ಚೆನ್ನಾಗಿದೆ. ಟ್ಯೂಬಿನ ತುದಿಯ ಚೆಕ್ ವಾಲ್ವುಗಳನ್ನೂ ನೋಡಿದೆವು. ಒಂದೇ ಕಡೆಗೆ ಬಿಡಬೇಕು, ಹಿಂದಕ್ಕೆ ಬಿಡಬಾರದು. ಅವೂ ಸರಿ ಇದ್ದವು.

ಆಮೇಲೆ ಬೋರು, ಓವರ್‌ಸೈಜ್ ಪಿಸ್ಟನ್, ಬೇರಿಂಗು. ಅದು ದಿನವೂ ಮಾಡುವ ಕೆಲಸ, ವಿವರ ಬೇಡ. ಒಂದೇ ಮಾತು: ಕ್ರ್ಯಾಂಕ್ ಕೇಸಿನಲ್ಲಿ ಅಲ್ಯೂಮಿನಿಯಂ ಪುಡಿ ಉಳಿದಿದ್ದರೆ ಹೊಸ ಬೇರಿಂಗ್ ಹಾಕಿದ್ದು ದಂಡ. ಮೇಲಿನಿಂದ ಪೆಟ್ರೋಲ್ ಸುರಿದು ಒರೆಸಿದರೆ ಸಾಲದು, ಪೂರ್ತಿ ಬಿಚ್ಚಬೇಕು.

ಮಾಲೀಕರು ಗಾಡಿ ಒಯ್ಯಲು ಬಂದಾಗ ಇನ್ನೊಂದು ಬೇಡಿಕೆ ಇಟ್ಟರು. "ಈ ಪಂಪಿನ ರಗಳೆನೇ ಬೇಡ, ತೆಗ್ದುಬಿಡಿ. ಪೆಟ್ರೋಲಿಗೇ ಮಿಕ್ಸ್ ಮಾಡ್ತೇವೆ." ಆರ್‌ಎಕ್ಸ್ ಹುಡುಗರೂ ಇದನ್ನೇ ಕೇಳುತ್ತಾರೆ. ತಾವೇ ಪೆಟ್ರೋಲ್ ಹಾಕಿಸಿ ತಾವೇ ಓಡಿಸುವವರಿಗೆ ಮಾಡಿಕೊಡುತ್ತೇನೆ, ತಪ್ಪೇನಿಲ್ಲ. ಆದರೆ ಬಾಡಿಗೆ ಗಾಡಿಗೆ ನನ್ನ ಒಪ್ಪಿಗೆ ಇಲ್ಲ. ಬೀಚಿನಲ್ಲಿ ಕೆಲಸದ ಹುಡುಗರು ಸೀಸನ್‌ಗೊಮ್ಮೆ ಬದಲಾಗುತ್ತಾರೆ. ಗಿರಾಕಿ ಸಾಲು ನಿಂತಾಗ ಯಾವ ಕ್ಯಾನಿಗೆ ಆಯಿಲ್ ಬಿದ್ದಿದೆ, ಯಾವುದಕ್ಕಿಲ್ಲ ಅಂತ ಯಾರು ನೆನಪಿಡುತ್ತಾರೆ? ಒಂದು ಕ್ಯಾನ್ ತಪ್ಪಿದರೆ ಎರಡೂ ಪಿಸ್ಟನ್ ಹೋಗುತ್ತವೆ. ಭಯಕ್ಕೆ ಡಬಲ್ ಸುರಿದರೂ ಒಳ್ಳೆಯದಲ್ಲ. ಪ್ಲಗ್ ಕಟ್ಟುತ್ತದೆ. ಆಯಿಲ್ ಜಾಗ ಹಿಡಿದಷ್ಟೂ ಪೆಟ್ರೋಲ್ ಪಾಲು ಇಳಿದು ಎಂಜಿನ್ ಇನ್ನಷ್ಟು ಕಾಯುತ್ತದೆ.

ಪಂಪ್ ಉಳಿಸಿದೆವು. ಪಂಪ್ ಮೇಲೆ ಪೂರ್ತಿ ನಂಬಿಕೆ ಬರುವವರೆಗೆ, ಮೊದಲ ಟ್ಯಾಂಕಿಗೆ ಮಾತ್ರ 10 ಲೀಟರಿಗೆ 200 ಎಂಎಲ್ ಪೆಟ್ರೋಲಿನಲ್ಲೂ ಬೆರೆಸಿ ಅಂದೆ. ಆಯಿಲ್ ಟ್ಯಾಂಕಿಗೆ ಟೇಪ್ ಅಂಟಿಸಿ ಗೆರೆ ಹಾಕಿ ಕೊಟ್ಟೆ. ಗೆರೆ ಇಳಿಯುವುದನ್ನೂ ನೋಡಬೇಕು, ತಳ ಒಣಗಿರುವುದನ್ನೂ ನೋಡಬೇಕು. ಒಂದೇ ನೋಡಿದರೆ ಮತ್ತೆ ಮೊದಲಿನ ಕತೆಯೇ.

ಆಯಿಲ್ ಯಾವುದು ಅಂತ ಕೇಳಿದರು. ಬೈಕಿನ 2ಟಿ ಗಾಳಿಯಲ್ಲಿ ತಣಿಯುವ, ಜಾಸ್ತಿ ಕಾಯುವ ಎಂಜಿನ್ನಿಗೆ ಮಾಡಿದ್ದು. ನೀರಿನಲ್ಲಿ ತಣಿಯುವ ದೋಣಿ ಎಂಜಿನ್ನಿಗೆ ಟಿಸಿ-ಡಬ್ಲ್ಯು3 ಅಂತ ಬರೆದ, ಬೂದಿ ಬಿಡದ ಆಯಿಲ್ ಬೇರೆ ಇದೆ. ಹಾಗಂತ ಎಲ್ಲ ಜೆಟ್ ಸ್ಕೀಗೂ ಅದೇ ಅಲ್ಲ. ಸೈಲೆನ್ಸರ್ ಬಾಯಲ್ಲಿ ಪವರ್ ವಾಲ್ವ್ ಇರುವ ಕೆಲವಕ್ಕೆ ಕಂಪನಿಯೇ ಬೇರೆ ಆಯಿಲ್ ಹೇಳುತ್ತದೆ. ಮ್ಯಾನುಯಲ್ ನೋಡಿ ಹಾಕಬೇಕು.

ಟ್ರಯಲ್‌ಗೆ ಸೂಳೆಕೆರೆಗೆ ಒಯ್ಯೋಣ ಅಂತ ನಮ್ಮ ಹುಡುಗನಿಗೆ ಭಾರಿ ಆಸೆ. ಚಿತ್ರದುರ್ಗದವರು ಕುಡಿಯುವ ನೀರು ಅದು, ಟೂ ಸ್ಟ್ರೋಕ್ ಉರಿಯದ ಪೆಟ್ರೋಲು, ಆಯಿಲನ್ನು ಸೈಲೆನ್ಸರಿನಿಂದ ನೇರ ನೀರಿಗೇ ಬಿಡುತ್ತದೆ. ಬೇಡಪ್ಪಾ ಅಂದೆ. ಅಂಗಳದಲ್ಲೇ, ಎಂಜಿನ್ ತಣಿಯಲು ನಲ್ಲಿಯಿಂದ ಪೈಪ್ ಕಟ್ಟಿ ಸ್ವಲ್ಪ ಹೊತ್ತು ಓಡಿಸಿದೆವು. ಇದರಲ್ಲೂ ಒಂದು ಕ್ರಮ ಇದೆ. ಮೊದಲು ಎಂಜಿನ್ ಚಾಲು, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ಸೈಲೆನ್ಸರ್ ದಾರಿಯಲ್ಲಿ ನೀರು ಸಿಲಿಂಡರಿಗೆ ಹತ್ತುತ್ತದೆ, ಇದ್ದ ಆಯಿಲ್ ತೊಳೆದುಹೋಗಿ ಬೇರಿಂಗಿಗೆ ತುಕ್ಕು. ನಾನು ಬೆರಳಿಗೆ ಹತ್ತಿದ ತುಕ್ಕಿನ ಪುಡಿ ಹೇಳಿದೆನಲ್ಲ, ಆಯಿಲ್ ಇಲ್ಲದ ಕ್ರ್ಯಾಂಕ್ ಕೇಸಿಗೆ ಹೀಗೇ ನೀರೂ ಹೊಕ್ಕಿರಬೇಕು ಅಂತ ನನ್ನ ಗುಮಾನಿ. ಸೀಟಿನ ಕೆಳಗೆ ಈ ಕ್ರಮವನ್ನು ಪೇಂಟಿನಲ್ಲಿ ಬರೆಸಿ ಕಳಿಸಿದೆ.

ಬಿಲ್ ನೋಡಿ ಅವರು ನಕ್ಕರು. ಅದರಲ್ಲಿ ಎಲ್ಲಕ್ಕಿಂತ ಅಗ್ಗದ ಐಟಂ ಟ್ಯೂಬು. "ಮುಂದಿನದಕ್ಕೂ ಹೊಸದೇ ಹಾಕಿದ್ರಾ?" ಅಂದರು. ಹಾಕಿದ್ದೆ. ಕ್ಲಿಪ್ಪೂ ಹೊಸದು. ಹಳೇ ಎರಡು ಟ್ಯೂಬನ್ನೂ ಕವರಿಗೆ ಹಾಕಿ ಕೊಟ್ಟೆ, ಪಿಸ್ಟನ್ ಹಾಕಿದವರಿಗೆ ತೋರಿಸಲಿ ಅಂತ.